ಮ್ಯಾನ್ಮಾರ್ ಸೇನಾ ಆಡಳಿತದ ವಿರುದ್ಧ ನಮ್ಮ ಜಿಲ್ಲೆಯಿಂದ ಅಭಿಯಾನ: ಯಾರನ್ನು, ಏನು, ಯಾವಾಗ ಕೇಳಬೇಕು

ಮನವಿ ಕೊಟ್ಟಾಯಿತು, ಫೋಟೊ ತೆಗೆಸಿಕೊಂಡಾಯಿತು, ಮರುದಿನ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂತು. ಅಲ್ಲಿಗೆ ಮುಗಿಯಿತು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಗೆಳೆಯರು ಮ್ಯಾನ್ಮಾರ್ ವಿಚಾರದಲ್ಲಿ ಮಾಡಿ ನನಗೆ ತಂದು ತೋರಿಸಿದ ಪ್ರಯತ್ನಗಳಲ್ಲಿ ಹೆಚ್ಚಿನವು ಈ ಜಾಗದಲ್ಲೇ ನಿಂತಿವೆ. ಕಾಗದ ಬಿಡಿಸಿದರೆ "ಜಿಲ್ಲಾಧಿಕಾರಿಗಳ ಮುಖಾಂತರ ಘನತೆವೆತ್ತ ರಾಷ್ಟ್ರಪತಿಗಳಿಗೆ" ಎಂದು ಶುರು, "ವಿಶ್ವಸಂಸ್ಥೆ ಕೂಡಲೇ ಮಧ್ಯಪ್ರವೇಶಿಸಬೇಕು" ಎಂದು ಮುಕ್ತಾಯ. ನಡುವೆ ಹತ್ತೋ ಹನ್ನೊಂದೋ ಬೇಡಿಕೆ.

2021ರ ಫೆಬ್ರುವರಿಯಲ್ಲಿ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಸಿಯಿತು. ಆ ವರ್ಷ ನಾನೂ ಇದನ್ನೇ ಮಾಡಿದ್ದೆ. ಮೂರು ತಿಂಗಳ ಮೇಲೆ ವಿಚಾರಿಸಲು ಹೋದಾಗ ಟಪಾಲಿನವರು "ಮ್ಯಾಲ ಕಳಿಸೀವ್ರಿ ಸರ್" ಅಂದರು. ಮೇಲೆ ಅಂದರೆ ಎಲ್ಲಿ ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಧರಣಿ ಮೊದಲು, ಕಾಗದ ಆಮೇಲೆ, ಯಾರನ್ನು ಕೇಳಬೇಕು ಎಂಬ ಯೋಚನೆ ಕೊನೆಗೆ: ನಮ್ಮಲ್ಲಿ ನಡೆಯುವ ಕ್ರಮ ಇದು. ಇದನ್ನು ಪೂರಾ ತಿರುವಿಹಾಕಬೇಕು. ಬೇರೆ ಯಾವ ದೇಶದ ಸೇನಾ ಆಡಳಿತದ ವಿಚಾರವಾದರೂ ಹೆಜ್ಜೆಗಳು ಇವೇ, ವಿವರ ಮಾತ್ರ ಬೇರೆ.

## ಮೊದಲು ಕೈಯಲ್ಲಿರಬೇಕಾದವು

ನಾಲ್ಕೈದು ಜನ ಸಾಕು. ಒಬ್ಬರಿಗೆ ಇಂಗ್ಲಿಷ್ ಕರಡು ಬರೆಯಲು ಬರಬೇಕು, ಒಬ್ಬರಿಗೆ ಕಚೇರಿ ಅಲೆಯುವ ತಾಳ್ಮೆ ಇರಬೇಕು. ಒಂದು ಬಾಕ್ಸ್ ಫೈಲು, ಆವಕ-ಜಾವಕ ಬರೆಯಲು ಒಂದು ನೋಟ್‌ಬುಕ್ಕು, ಅಭಿಯಾನಕ್ಕೆಂದೇ ಒಂದು ಇಮೇಲ್ ಖಾತೆ, ಸಿಗ್ನಲ್ ಆ್ಯಪ್‌ನಲ್ಲಿ ಒಂದು ಗುಂಪು. ವಾಟ್ಸ್‌ಆ್ಯಪ್ ಗುಂಪು ಬೇಡ, ಕಾರಣ ಮೂರನೇ ಹಂತದಲ್ಲಿದೆ. ಬ್ಯಾನರಿಗೆ ಈಗಲೇ ಹಣ ಹಾಕಬೇಡಿ.

## ಹಂತ 1: ಒಂದೇ ಬೇಡಿಕೆ ಆರಿಸಿ

"ಮಾನವ ಹಕ್ಕು ಕಾಪಾಡಿ" ಎಂಬುದು ಬೇಡಿಕೆಯಲ್ಲ, ಹಾರೈಕೆ. ಹೌದು ಅಥವಾ ಇಲ್ಲ ಎಂದು ಉತ್ತರಿಸಲು ಬರುವಂಥದ್ದು ಬೇಡಿಕೆ. ಭಾರತದಲ್ಲಿ ಕೂತು ಕೇಳಬಹುದಾದವು ನನ್ನ ಲೆಕ್ಕದಲ್ಲಿ ಮೂರು.

ಒಂದು, ಶಸ್ತ್ರ ಮತ್ತು ಬಿಡಿಭಾಗಗಳ ರಫ್ತು ನಿಲ್ಲಿಸುವುದು. ಮ್ಯಾನ್ಮಾರ್ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದ (ಮಾನವ ಹಕ್ಕು ಸ್ಥಿತಿ ನೋಡಲು ನೇಮಿಸಿದ ಸ್ವತಂತ್ರ ತಜ್ಞ) ಟಾಮ್ ಆ್ಯಂಡ್ರೂಸ್ 2023ರ ಮೇ ತಿಂಗಳಲ್ಲಿ ಕೊಟ್ಟ ವರದಿಯ ಪ್ರಕಾರ, ಸೇನೆ ಅಧಿಕಾರ ಕಸಿದ ನಂತರ ಆ ದೇಶಕ್ಕೆ ಕನಿಷ್ಠ 100 ಕೋಟಿ ಡಾಲರ್ ಮೊತ್ತದ ಶಸ್ತ್ರ ಮತ್ತು ಸಂಬಂಧಿತ ಸಾಮಗ್ರಿ ಹೋಗಿದೆ. ಸಿಂಹಪಾಲು ರಷ್ಯಾ, ಚೀನಾ, ಸಿಂಗಪುರದಿಂದ. ಭಾರತದಿಂದ ಹೋದದ್ದು ಸುಮಾರು 5.1 ಕೋಟಿ ಡಾಲರಿನಷ್ಟು.

ಎರಡು, ವಿಶ್ವಸಂಸ್ಥೆಯಲ್ಲಿ ಭಾರತದ ಮತ. 2021ರ ಜೂನ್ 18ರಂದು ಮ್ಯಾನ್ಮಾರ್‌ಗೆ ಶಸ್ತ್ರ ಹರಿಯದಂತೆ ತಡೆಯಲು ಕರೆಕೊಟ್ಟ ಮಹಾಸಭೆಯ ನಿರ್ಣಯದ ಪರ 119 ಮತ ಬಿತ್ತು, ವಿರುದ್ಧ ಬೆಲಾರೂಸ್‌ನದು ಒಂದೇ. ಮತ ಹಾಕದೆ ದೂರ ಉಳಿದ 36 ದೇಶಗಳಲ್ಲಿ ಭಾರತವೂ ಒಂದು. 2022ರ ಡಿಸೆಂಬರ್ 21ರಂದು ಭದ್ರತಾ ಮಂಡಳಿಯ 2669ನೇ ನಿರ್ಣಯಕ್ಕೂ ಭಾರತ, ಚೀನಾ, ರಷ್ಯಾ ದೂರವೇ ಉಳಿದವು. 2026ರಿಂದ 2028ರವರೆಗೆ ಭಾರತ ಮಾನವ ಹಕ್ಕುಗಳ ಮಂಡಳಿಯ ಸದಸ್ಯ. ಅಂದರೆ ಮತದ ಬಗ್ಗೆ ಕೇಳಲು ಇದು ಸರಿಯಾದ ಕಾಲ.

ಮೂರು, ಗಡಿ ದಾಟಿ ಬಂದವರನ್ನು ಬಲವಂತವಾಗಿ ವಾಪಸ್ ಕಳಿಸದಿರುವುದು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಆದ್ದರಿಂದ "ಒಪ್ಪಂದ ಉಲ್ಲಂಘಿಸಿದ್ದೀರಿ" ಎಂದು ಬರೆದರೆ ಆ ಒಂದೇ ಸಾಲು ಹಿಡಿದು ಕಾಗದ ಬದಿಗಿಡುತ್ತಾರೆ.

ಈ ಮೂರರಲ್ಲಿ ಒಂದನ್ನು ಆರಿಸಿ. ಹೊಸಬರಾದರೆ ಮೊದಲನೆಯದನ್ನೇ ಹಿಡಿಯಿರಿ, ಅದು ಸಂಖ್ಯೆಗಳಲ್ಲಿ ಉತ್ತರ ಕೊಡಬೇಕಾದ ವಿಷಯ.

ನಮ್ಮ ಕಡೆಯವರು ಮಾಡುವ ತಪ್ಪು: ವಿಜಯಪುರ ಜಿಲ್ಲೆಯಿಂದ ಬಂದ ಒಂದು ಕರಡಿನಲ್ಲಿ ಅರ್ಧಪುಟ ಸೇನೆಯ ದೌರ್ಜನ್ಯ, ಒಂದೂವರೆ ಪುಟ ತೊಗರಿ. 2021ರ ಒಪ್ಪಂದದಂತೆ ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ ಮ್ಯಾನ್ಮಾರ್‌ನಿಂದ ತರಿಸುವ ಲೆಕ್ಕ 2025-26ರವರೆಗೆ ಇತ್ತು. ಅಲ್ಲಿನ "ಲೆಮನ್ ತೊಗರಿ" ಬಂದಾಗ ಎಪಿಎಂಸಿಯಲ್ಲಿ ನಮ್ಮ ರೈತನ ದರ ಏನಾಗುತ್ತದೆ ಎಂಬ ಸಿಟ್ಟು ಸಹಜ. ಆದರೆ ಅದು ಬೇರೆ ಫೈಲು. ಎರಡನ್ನೂ ಬೆರೆಸಿದರೆ ಓದುವವರಿಗೆ ಇದು ವ್ಯಾಪಾರದ ತಕರಾರಾಗಿ ಕಾಣುತ್ತದೆ. ಅಲ್ಲದೆ ಅಲ್ಲಿ ತೊಗರಿ ಬಿತ್ತುವವನೂ ರೈತನೇ. ಹಣದ ಮೂಲ ಮುಟ್ಟಬೇಕೆಂದರೆ ಸೇನೆಯದೇ ಎರಡು ದೊಡ್ಡ ಕಂಪನಿಗಳಿವೆ: ಮ್ಯಾನ್ಮಾ ಎಕನಾಮಿಕ್ ಹೋಲ್ಡಿಂಗ್ಸ್ ಮತ್ತು ಮ್ಯಾನ್ಮಾರ್ ಎಕನಾಮಿಕ್ ಕಾರ್ಪೊರೇಷನ್. ಬಹಿಷ್ಕಾರದ ಮಾತು ಅವುಗಳಿಗೆ ಮೀಸಲಿರಲಿ.

## ಹಂತ 2: ಅದನ್ನು ಮಾಡುವ ಅಧಿಕಾರ ಯಾರಿಗಿದೆ

ವಿದೇಶಾಂಗ ವ್ಯವಹಾರ, ವಿಶ್ವಸಂಸ್ಥೆ ಎರಡೂ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿವೆ. ಹೀಗಾಗಿ ಚಳಿಗಾಲದ ಅಧಿವೇಶನಕ್ಕೆ ಸುವರ್ಣ ವಿಧಾನಸೌಧದ ಹತ್ತಿರ ಟೆಂಟ್ ಹಾಕಿ ಕೂತರೆ ಶಾಸಕರು ಬಂದು ಸಹಾನುಭೂತಿ ಹೇಳಬಹುದು, ಅದಕ್ಕಿಂತ ಮುಂದೆ ಏನೂ ಮಾಡಲಾರರು. ಅದೇ ನಾಲ್ಕು ದಿನ ಸಂಸದರ ಆಪ್ತ ಸಹಾಯಕರ ಹಿಂದೆ ಬೀಳಿ.

ಕೇಂದ್ರದಲ್ಲೂ ಎಲ್ಲವೂ ಒಂದೇ ಮನೆಯಲ್ಲಿಲ್ಲ. ವಿಶ್ವಸಂಸ್ಥೆಯಲ್ಲಿ ಮತ ಹಾಕುವುದು ವಿದೇಶಾಂಗ ಸಚಿವಾಲಯದ ತೀರ್ಮಾನ. ಶಸ್ತ್ರ ರಫ್ತಿನ ಪರವಾನಗಿ ರಕ್ಷಣಾ ಸಚಿವಾಲಯದ ರಕ್ಷಣಾ ಉತ್ಪಾದನಾ ಇಲಾಖೆಯದು. ಮಿಜೋರಾಂ, ಮಣಿಪುರಕ್ಕೆ ಬಂದವರ ವಿಚಾರ ಗೃಹ ಸಚಿವಾಲಯದ್ದು. ತಪ್ಪು ಸಚಿವಾಲಯಕ್ಕೆ ಬರೆದರೆ "ವರ್ಗಾಯಿಸಲಾಗಿದೆ" ಎಂಬ ಒಂದು ಸಾಲಿನ ಹಿಂಬರಹ ಬರುತ್ತದೆ, ಎರಡು ತಿಂಗಳು ಹೋಗುತ್ತದೆ.

ಇನ್ನು ನಿಮ್ಮ ಸಂಸದರು ಯಾರು? ನಗಬೇಡಿ, ಇಲ್ಲೇ ಎಡವುತ್ತಾರೆ. ಬೆಳಗಾವಿ ಜಿಲ್ಲೆಯವರೆಲ್ಲ ಬೆಳಗಾವಿ ಅಥವಾ ಚಿಕ್ಕೋಡಿ ಲೋಕಸಭಾ ಕ್ಷೇತ್ರದವರಲ್ಲ. ಖಾನಾಪುರ, ಕಿತ್ತೂರು ಉತ್ತರ ಕನ್ನಡ ಕ್ಷೇತ್ರಕ್ಕೆ ಸೇರಿವೆ. ಗದಗ ಜಿಲ್ಲೆಯ ನರಗುಂದ ಬಾಗಲಕೋಟೆ ಕ್ಷೇತ್ರದಲ್ಲಿದೆ. ಸಂಸದರ ಕಚೇರಿಯಲ್ಲಿ ಮೊದಲು ನೋಡುವುದೇ ನಿಮ್ಮ ಊರು. ಕ್ಷೇತ್ರದ ಹೊರಗಿನವರ ಕಾಗದ ಎಷ್ಟು ಚೆನ್ನಾಗಿದ್ದರೂ ತಳಕ್ಕೆ ಹೋಗುತ್ತದೆ. ಆದ್ದರಿಂದ ಗುಂಪಿನಲ್ಲಿ ಆಯಾ ಕ್ಷೇತ್ರದ ಮತದಾರ ಒಬ್ಬರಾದರೂ ಇರಲಿ, ಸಹಿ ಅವರದ್ದಿರಲಿ.

ಭದ್ರತಾ ಮಂಡಳಿಗೆ ಶಾಂತಿಪಡೆ ಕಳಿಸಿ ಎಂದು ಬರೆಯುವ ಶ್ರಮ ಉಳಿಸಿ. ಅಲ್ಲಿ ರಷ್ಯಾ, ಚೀನಾ ಎರಡಕ್ಕೂ ವಿಟೊ ಇದೆ.

## ಹಂತ 3: ದಾಖಲೆ ಜೋಡಿಸಿ, ಯಾರಿಗೂ ಹಾನಿಯಾಗದಂತೆ

ಎರಡು ಪುಟದ ಸತ್ಯಾಂಶ ಪತ್ರ ಸಿದ್ಧಮಾಡಿ. ಪ್ರತಿ ವಾಕ್ಯಕ್ಕೂ ದಿನಾಂಕ ಇರಬೇಕು, ಯಾರು ಹೇಳಿದ್ದು ಎಂಬುದಿರಬೇಕು. "ಸಾವಿರಾರು ಜನ ಸತ್ತರು" ಎನ್ನುವುದಕ್ಕಿಂತ "2023ರ ಏಪ್ರಿಲ್ 11ರಂದು ಸಗಾಯಿಂಗ್ ಪ್ರಾಂತ್ಯದ ಪಾಜಿಗ್ಯಿ ಹಳ್ಳಿಯ ಮೇಲೆ ಬಾಂಬ್ ದಾಳಿ, 100ಕ್ಕೂ ಹೆಚ್ಚು ಸಾವು" ಎಂಬ ಸಾಲಿಗೆ ತೂಕ ಹೆಚ್ಚು.

ಹೆಸರು ಸರಿಯಾಗಿ ಬರೆಯಿರಿ. ನಮ್ಮ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದು ಅಡ್ಡಹೆಸರು ಹೇಳದೆ ಮನುಷ್ಯನ ಗುರುತೇ ಹತ್ತುವುದಿಲ್ಲ. ಬರ್ಮಿಯರಲ್ಲಿ ಅಡ್ಡಹೆಸರೇ ಇಲ್ಲ. ಸೇನಾ ಮುಖ್ಯಸ್ಥನಾಗಿ ಅಧಿಕಾರ ಕಸಿದವನ ಹೆಸರು ಪೂರ್ತಿಯಾಗಿ ಮಿನ್ ಆಂಗ್ ಹ್ಲೈಂಗ್. "ಹ್ಲೈಂಗ್" ಎಂದಷ್ಟೇ ಬರೆದರೆ ಬಲ್ಲವರಿಗೆ ನೀವು ಹೊಸಬರೆಂದು ತಿಳಿಯುತ್ತದೆ. ಆಡಳಿತದ ಹೆಸರನ್ನೂ ಕಳಿಸುವ ವಾರ ಮತ್ತೊಮ್ಮೆ ನೋಡಿ. 2021ರಲ್ಲಿ ಕಟ್ಟಿದ "ರಾಜ್ಯ ಆಡಳಿತ ಮಂಡಳಿ"ಯನ್ನು 2025ರ ಜುಲೈ 31ರಂದು ಅವರೇ ವಿಸರ್ಜಿಸಿದರು. ಈಗಲೂ ಹಳೆಯ ಹೆಸರಿನಲ್ಲಿ ಮನವಿಗಳು ಹೋಗುತ್ತಿವೆ.

ವಿಡಿಯೊ ವಿಷಯದಲ್ಲಿ ಎಚ್ಚರ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ವಿಡಿಯೊ ಕುಗ್ಗುತ್ತದೆ, ತೆಗೆದ ಸಮಯ ಮತ್ತು ಸ್ಥಳದ ಗುರುತು ಅಳಿಸಿಹೋಗುತ್ತದೆ. ಹಾಗಾದ ಮೇಲೆ ಅದು ಸಾಕ್ಷ್ಯವಾಗಿ ಹೆಚ್ಚು ಬಾಳುವುದಿಲ್ಲ. ಮೂಲ ಫೈಲನ್ನು ಮುಟ್ಟದೆ ಪೆನ್‌ಡ್ರೈವಿನಲ್ಲಿಡಿ, ಯಾರಿಂದ ಯಾವಾಗ ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಬಳಸುವುದಿದ್ದರೆ ಪ್ರತಿಯನ್ನು ಬಳಸಿ. ಗೂಗಲ್ ಲೆನ್ಸ್‌ನಲ್ಲಿ ಚಿತ್ರ ಹಾಕಿ ಹುಡುಕಿದರೆ ಹಳೆಯ ಚಿತ್ರಗಳು ಎಷ್ಟೋ ಸಲ ಸಿಕ್ಕಿಬೀಳುತ್ತವೆ. ಒಂದು ಸುಳ್ಳು ಚಿತ್ರ ಹೊರಬಿದ್ದರೆ ಉಳಿದ ಇಪ್ಪತ್ತು ನಿಜವನ್ನೂ ಯಾರೂ ನಂಬುವುದಿಲ್ಲ.

ಕೂಡಲೇ ನಿಲ್ಲಿಸಬೇಕಾದ ಸೂಚನೆ: ಮಾಹಿತಿ ಕೊಟ್ಟವರು "ನನ್ನ ತಾಯಿ ಇನ್ನೂ ಅಲ್ಲೇ ಇದ್ದಾಳೆ" ಎಂದರೆ ಅವರ ಹೆಸರು, ಮುಖ, ಊರು, ದನಿ ಯಾವುದೂ ಹೊರಗೆ ಹೋಗಬಾರದು. ಅವರು ಒಪ್ಪಿದರೂ ಎರಡು ದಿನ ಬಿಟ್ಟು ಮತ್ತೆ ಕೇಳಿ. ಆ ದೇಶದ ದಂಡ ಸಂಹಿತೆಯ 505ಎ ಕಲಮಿನಡಿ ಒಂದು ಫೇಸ್‌ಬುಕ್ ಬರಹಕ್ಕೂ ಜೈಲಾಗಿದೆ.

ಇನ್ನೊಂದು, ನಮ್ಮದೇ ಪ್ರಮಾದ. ಒಂದು ಸಭೆಯಲ್ಲಿ ಮಣಿಪುರದ ವಿದ್ಯಾರ್ಥಿನಿಯ ಕೈಗೆ ಮೈಕ್ ಕೊಟ್ಟು "ನಿಮ್ಮ ದೇಶದ ಪರಿಸ್ಥಿತಿ ಹೇಳ್ರಿ" ಅಂದವರು ನಮ್ಮ ಗುಂಪಿನವರೇ. ಆಕೆ "ಸರ್, ಇದೇ ನನ್ನ ದೇಶ" ಎಂದು ಮೈಕ್ ವಾಪಸ್ ಕೊಟ್ಟಳು. ಆ ಸಭೆ ಅಲ್ಲಿಗೇ ಮುಗಿಯಿತು.

## ಹಂತ 4: ಸಂಸದರ ಮೂಲಕ ಪ್ರಶ್ನೆ ಕೇಳಿಸಿ

ಇಡೀ ಅಭಿಯಾನದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ಮನವಿಗೆ ಉತ್ತರ ಬರಲೇಬೇಕೆಂದಿಲ್ಲ. ಸದನದಲ್ಲಿ ಅಂಗೀಕಾರವಾದ ಪ್ರಶ್ನೆಗೆ ಸಚಿವರು ಉತ್ತರ ಕೊಡಲೇಬೇಕು, ಅದು ಸಂಸತ್ತಿನ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ.

ಪ್ರಶ್ನೆಯಲ್ಲಿ ಎರಡು ಬಗೆ. ಚುಕ್ಕೆ ಗುರುತಿನದಕ್ಕೆ ಸದನದಲ್ಲಿ ಬಾಯಿಮಾತಿನ ಉತ್ತರ, ಲೋಕಸಭೆಯಲ್ಲಿ ದಿನಕ್ಕೆ 20 ಮಾತ್ರ, ಅದೂ ಚೀಟಿ ಎತ್ತಿ. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ, ದಿನಕ್ಕೆ 230ರವರೆಗೆ. ನಮಗೆ ಬೇಕಾದದ್ದು ಚುಕ್ಕೆ ರಹಿತದ್ದೇ. ಅವಕಾಶ ಹೆಚ್ಚು, ಉತ್ತರದಲ್ಲಿ ಅಂಕಿ ಇರುವ ಸಂಭವವೂ ಹೆಚ್ಚು.

ಕನಿಷ್ಠ 15 ಪೂರ್ಣ ದಿನ ಮೊದಲು ಸೂಚನೆ ಹೋಗಬೇಕು. ಆದ್ದರಿಂದ ಅಧಿವೇಶನದ ದಿನಾಂಕ ಘೋಷಣೆಯಾದ ವಾರದಲ್ಲೇ ಕರಡು ಆಪ್ತ ಸಹಾಯಕರ ಕೈಯಲ್ಲಿರಬೇಕು. ಅಧಿವೇಶನ ಶುರುವಾದ ಮೇಲೆ ಓಡಿದವರಿಗೆ ಸಿಗುವ ಉತ್ತರ ಒಂದೇ: "ಸಾಹೇಬ್ರು ದಿಲ್ಲಿಗೆ ಹೋಗ್ಯಾರ್ರಿ."

ಭಾಷೆ ಇನ್ನೂ ಮುಖ್ಯ. ಲೋಕಸಭೆಯ ನಿಯಮದಂತೆ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು, ವಾದ, ವ್ಯಂಗ್ಯ, ಹೀಗಳೆಯುವ ವಿಶೇಷಣ ಇರಬಾರದು, ಅಭಿಪ್ರಾಯ ಕೇಳಬಾರದು, ಸ್ನೇಹಪರ ವಿದೇಶವೊಂದರ ಬಗ್ಗೆ ಅಗೌರವದ ಮಾತು ಇರಬಾರದು. ಕೊನೆಯ ನಿಯಮ ಗೊತ್ತಿಲ್ಲದೆ "ರಕ್ತಪಿಪಾಸು ಸೇನಾಡಳಿತ" ಎಂದು ಬರೆದುಕೊಟ್ಟ ಕರಡುಗಳು ಒಳಗೆ ಹೋಗುವ ಮೊದಲೇ ಬಿದ್ದುಹೋಗುತ್ತವೆ. ಸಿಟ್ಟನ್ನು ಭಾಷಣಕ್ಕೆ ಇಟ್ಟುಕೊಳ್ಳಿ. ಪ್ರಶ್ನೆ ಹೀಗಿರಲಿ:

"ರಕ್ಷಣಾ ಸಚಿವರು ಈ ಕೆಳಗಿನವನ್ನು ತಿಳಿಸುವರೇ: (ಅ) 2021ರ ಫೆಬ್ರುವರಿಯ ನಂತರ ಮ್ಯಾನ್ಮಾರ್‌ಗೆ ಯುದ್ಧಸಾಮಗ್ರಿ ಮತ್ತು ಬಿಡಿಭಾಗ ರಫ್ತು ಮಾಡಲು ಕೊಟ್ಟ ಪರವಾನಗಿಗಳೆಷ್ಟು, ವರ್ಷವಾರು ಮೌಲ್ಯವೆಷ್ಟು, (ಆ) ಅವುಗಳಿಗೆ ಅಂತಿಮ ಬಳಕೆದಾರರ ಪ್ರಮಾಣಪತ್ರ ಪಡೆಯಲಾಗಿದೆಯೇ, (ಇ) 2021ರ ಜೂನ್ 18ರ ವಿಶ್ವಸಂಸ್ಥೆ ಮಹಾಸಭೆಯ ನಿರ್ಣಯದ ನಂತರ ಪರವಾನಗಿ ಕ್ರಮವನ್ನು ಮರುಪರಿಶೀಲಿಸಲಾಗಿದೆಯೇ, (ಈ) ಹೌದಾದರೆ ವಿವರವೇನು, ಇಲ್ಲವಾದರೆ ಕಾರಣವೇನು?"

ಇದರ ಇಂಗ್ಲಿಷ್ ರೂಪವನ್ನೂ ಟೈಪ್ ಮಾಡಿ ಕೊಡಿ. ಆಪ್ತ ಸಹಾಯಕರು ಅನುವಾದ ಮಾಡಲು ಕೂರುವುದಿಲ್ಲ. ಕಾಗದದ ಜೊತೆ ಪೆನ್‌ಡ್ರೈವ್ ಬೇಡ, ಇಮೇಲ್ ಕಳಿಸಿ. ವಾರಕ್ಕೊಮ್ಮೆ ಫೋನ್ ಮಾಡಿ, ದಿನಕ್ಕೊಮ್ಮೆ ಬೇಡ.

ಸಂಸದರ ಪಕ್ಷ ನಿಮಗೆ ಸೇರದೇ ಇರಬಹುದು. ಹಾಗೆಂದು ಅವರನ್ನು ಬಿಟ್ಟು ನಿಮ್ಮ ಪಕ್ಷದ ದೂರದ ಸಂಸದರ ಹತ್ತಿರ ಹೋಗಬೇಡಿ. ಆಡಳಿತ ಪಕ್ಷದವರಾದರೆ ಪ್ರಶ್ನೆ ಬದಲು ಸಚಿವರಿಗೆ ಪತ್ರ ಬರೆಯುತ್ತೇನೆ ಎನ್ನಬಹುದು. ಒಪ್ಪಿಕೊಳ್ಳಿ, ಪತ್ರದ ಪ್ರತಿ ಕೇಳಿ ಪಡೆಯಿರಿ.

## ಹಂತ 5: ಸಂಸತ್ತಿಗೆ ಅರ್ಜಿ, ಜೊತೆಗೆ ಮಾಹಿತಿ ಹಕ್ಕು

ಆನ್‌ಲೈನ್ ಸಹಿ ಸಂಗ್ರಹದ ಐವತ್ತು ಸಾವಿರ ಕ್ಲಿಕ್‌ಗಳಿಗಿಂತ ಲೋಕಸಭೆಗೆ ಕ್ರಮಬದ್ಧವಾಗಿ ಸಲ್ಲಿಸಿದ ಒಂದು ಅರ್ಜಿ ಮೇಲು. ಸಂಸದರ ಮೂಲಕ ಮಂಡಿಸುವುದಾದರೆ ಅದಕ್ಕೆ ಅವರ ಮೇಲುರುಜು ಬೇಕು. ಕನ್ನಡದಲ್ಲಿ ಬರೆಯಬಹುದು, ಆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಜೊತೆಗಿರಬೇಕು, ಅದಕ್ಕೂ ಅರ್ಜಿದಾರರ ಸಹಿ ಇರಬೇಕು. ಅರ್ಜಿಗೆ ಪತ್ರ, ಅಫಿಡವಿಟ್, ಫೋಟೊ ಯಾವುದನ್ನೂ ಲಗತ್ತಿಸುವಂತಿಲ್ಲ. ನಮ್ಮವರು ಎಪ್ಪತ್ತು ಪುಟ ಲಗತ್ತಿಸಿ ತಪ್ಪು ಮಾಡುವುದು ಇಲ್ಲೇ. ಕೊನೆಯಲ್ಲಿ ಪ್ರಾರ್ಥನೆಯ ಸಾಲು, ಅಂದರೆ ಏನು ಬೇಕು ಎಂಬ ಸಾಲು, ಒಂದೇ, ಸ್ಪಷ್ಟವಾಗಿರಬೇಕು.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಅಂಚೆಯಲ್ಲಾದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಡಿ. "ಭಾರತ ಏಕೆ ಸುಮ್ಮನಿದೆ" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ವಾಪಸ್ ಬರುತ್ತದೆ. "ಇಂಥ ದಿನದಿಂದ ಇಂಥ ದಿನದವರೆಗೆ ಎಷ್ಟು" ಎಂದು ಕೇಳಿ. ವಿದೇಶ ಸಂಬಂಧಕ್ಕೆ ಧಕ್ಕೆ ಎಂದು 8(1)(ಎ) ಕಲಮಿನಡಿ ನಿರಾಕರಿಸುವುದು ಮಾಮೂಲು. ಅದಕ್ಕೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ನಿರಾಕರಣೆಯ ಕಾಗದವನ್ನೂ ಫೈಲಿನಲ್ಲಿಡಿ, ಮುಂದಿನ ಪ್ರಶ್ನೆಗೆ ಅದೇ ಬುನಾದಿ.

## ಹಂತ 6: ಜಿನೀವಾಕ್ಕೆ (ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಗೆ) ಕಳಿಸುವುದಿದ್ದರೆ

ನಿಮ್ಮ ಹತ್ತಿರ ಸಂತ್ರಸ್ತರಿಂದ ನೇರವಾಗಿ ಬಂದ ಮಾಹಿತಿ ಇದ್ದರೆ ಮಾತ್ರ ಈ ಹಂತ. ಪೇಪರ್ ಕಟಿಂಗ್ ಮಾತ್ರ ಇದ್ದರೆ ಇದನ್ನು ಬಿಟ್ಟು ಮುಂದಕ್ಕೆ ಹೋಗಿ. ವಿಶ್ವಸಂಸ್ಥೆಯ ವಿಶೇಷ ವರದಿಗಾರರು ಬರೀ ಮಾಧ್ಯಮ ವರದಿ ಆಧರಿಸಿದ ದೂರು ತೆಗೆದುಕೊಳ್ಳುವುದಿಲ್ಲ, ರಾಜಕೀಯ ಉದ್ದೇಶದ್ದು, ಬೈಗುಳದ ಭಾಷೆಯದ್ದು ಬೇಡವೇ ಬೇಡ. ಯಾರಿಗೆ, ಎಲ್ಲಿ, ಯಾವಾಗ, ಯಾರಿಂದ ಏನಾಯಿತು, ಸಂತ್ರಸ್ತರ ಒಪ್ಪಿಗೆ ಇದೆಯೇ: ಇಷ್ಟನ್ನು ಇಂಗ್ಲಿಷಿನಲ್ಲಿ ತಣ್ಣಗೆ ಬರೆಯಿರಿ. ಅವರು ಸಂಬಂಧಪಟ್ಟ ಸರ್ಕಾರಕ್ಕೆ ಪತ್ರ ಬರೆದರೆ ಸಾಮಾನ್ಯವಾಗಿ 60 ದಿನದ ನಂತರ ಆ ಪತ್ರ ಬಹಿರಂಗವಾಗುತ್ತದೆ. ಹೆಸರು ಬೇಡವೆಂದರೆ ಮೊದಲೇ ಹೇಳಬೇಕು.

ಕೊಲೆ, ಚಿತ್ರಹಿಂಸೆಯಂಥ ಗಂಭೀರ ಅಪರಾಧದ ಸಾಕ್ಷ್ಯಕ್ಕೆ ಇನ್ನೊಂದು ಬಾಗಿಲಿದೆ. ಮಾನವ ಹಕ್ಕುಗಳ ಮಂಡಳಿ 2018ರಲ್ಲಿ ಮ್ಯಾನ್ಮಾರ್‌ಗೆಂದೇ ಸ್ಥಾಪಿಸಿದ ಸ್ವತಂತ್ರ ತನಿಖಾ ವ್ಯವಸ್ಥೆ 2011ರಿಂದೀಚಿನ ಸಾಕ್ಷ್ಯ ಸಂಗ್ರಹಿಸುತ್ತದೆ. ಅದಕ್ಕೆ ಪೊಲೀಸರಿಲ್ಲ, ಕೋರ್ಟಿಲ್ಲ. ಜೋಡಿಸಿದ ಕಡತವನ್ನು ನ್ಯಾಯಾಲಯಗಳಿಗೆ ಕೊಡುತ್ತದೆ. ಗ್ಯಾಂಬಿಯಾ ಎಂಬ ಪುಟ್ಟ ದೇಶ 2019ರ ನವೆಂಬರ್‌ನಲ್ಲಿ ಮ್ಯಾನ್ಮಾರ್ ವಿರುದ್ಧ ಹೂಡಿದ ಮೊಕದ್ದಮೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನಡೆದಿದೆ. 2024ರ ನವೆಂಬರ್ 27ರಂದು ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟಿನ ಪ್ರಾಸಿಕ್ಯೂಟರ್ ಮಿನ್ ಆಂಗ್ ಹ್ಲೈಂಗ್ ಬಂಧನಕ್ಕೆ ವಾರಂಟ್ ಕೋರಿದರು. ಸಾಕ್ಷ್ಯ ಬೇಕಾಗುವುದು ಇಂಥ ಕಡೆ. ಅಲ್ಲಿಗೆ ಹೋಗಬೇಕಾದ ವಿಡಿಯೊವನ್ನು ನೀವು ಫೇಸ್‌ಬುಕ್‌ನಲ್ಲಿ ಹಾಕಿ ಲೈಕ್ ಎಣಿಸುತ್ತ ಕೂರಬೇಡಿ.

## ಹಂತ 7: ಬೀದಿಗೆ ಇಳಿಯುವುದು ಈಗ

ಕಾಗದ ಒಳಗೆ ಹೋದ ಮೇಲೆ ಧರಣಿಗೆ ಅರ್ಥ ಬರುತ್ತದೆ. "ಈ ಪ್ರಶ್ನೆ ಕೇಳಿದ್ದೇವೆ, ಉತ್ತರ ಬಂದಿಲ್ಲ" ಎಂದು ಹೇಳಲು ಆಗುತ್ತದೆ. ಬೆಳಗಾವಿ ನಗರದಲ್ಲಿ ಅನುಮತಿ ಪೊಲೀಸ್ ಕಮಿಷನರ್ ಕಚೇರಿಯದು. ಗೋಕಾಕ, ಅಥಣಿ, ಬಾಗಲಕೋಟೆ, ವಿಜಯಪುರದಲ್ಲಿ ಸ್ಥಳೀಯ ಠಾಣೆಯಿಂದ ಶುರುಮಾಡಿ. ನಿಷೇಧಾಜ್ಞೆ ಇದೆಯೇ ಎಂದು ಹಿಂದಿನ ದಿನ ವಿಚಾರಿಸಿ. ಹಳಬರು ಇನ್ನೂ 144 ಅನ್ನುತ್ತಾರೆ, 2024ರ ಜುಲೈಯಿಂದ ಅದು ಹೊಸ ಸಂಹಿತೆಯ 163ನೇ ಕಲಮು.

ಘೋಷಣೆ ಬರೆಯುವಾಗ ಊರು ನೆನಪಿರಲಿ. ಬೆಳಗಾವಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿರುವ ಊರು, ಸುತ್ತಲಿನ ಹಳ್ಳಿಗಳಲ್ಲಿ ಸೈನಿಕರ ಮನೆಗಳು ಬೇಕಾದಷ್ಟಿವೆ. "ಸೇನೆಗೆ ಧಿಕ್ಕಾರ" ಎಂಬ ಫಲಕ ಹಿಡಿದು ಚನ್ನಮ್ಮ ವೃತ್ತದಲ್ಲಿ ನಿಂತರೆ ಓದಿದವರು ಯಾವ ಸೇನೆ ಎಂದು ಕೇಳಲು ನಿಲ್ಲುವುದಿಲ್ಲ. ಪ್ರತಿ ಫಲಕದಲ್ಲೂ "ಮ್ಯಾನ್ಮಾರ್" ಎಂಬ ಪದ ಎಲ್ಲಕ್ಕಿಂತ ದೊಡ್ಡದಾಗಿರಲಿ, ಕಂಸದಲ್ಲಿ "ಬರ್ಮಾ" ಇರಲಿ. ಹಿರಿಯರಿಗೆ ಗೊತ್ತಿರುವುದು ಅದೇ. ಸಾಧ್ಯವಾದರೆ ನಿವೃತ್ತ ಸೈನಿಕರೊಬ್ಬರನ್ನು ಮಾತಿಗೆ ಕರೆಯಿರಿ. ಸ್ವಂತ ಜನರ ಹಳ್ಳಿಗೆ ಬಾಂಬ್ ಹಾಕುವುದು ಸೈನಿಕನ ಕೆಲಸವಲ್ಲ ಎಂದು ಅವರು ಹೇಳಿದರೆ ನಾವು ಹೇಳಿದ್ದಕ್ಕಿಂತ ಚೆನ್ನಾಗಿ ನಾಟುತ್ತದೆ.

"ಅಲ್ರೀ, ಬರ್ಮಾದಾಗ ಏನಾದ್ರ ನಮಗೇನ್ರೀ?" ಎಂದು ಕೇಳುವವರು ಬಂದೇ ಬರುತ್ತಾರೆ. ಉತ್ತರ ಉದ್ದ ಬೇಡ. 1,643 ಕಿಲೊಮೀಟರ್ ಗಡಿ ನಮ್ಮದು, ಅಲ್ಲಿಗೆ ಹೋದ ಬಿಡಿಭಾಗಗಳಲ್ಲಿ ಕೆಲವು ನಮ್ಮ ದೇಶದವು. ಇಷ್ಟು ಹೇಳಿ ಸಾಕುಮಾಡಿ. ಅಲ್ಲಿಂದ ಓಡಿಬಂದವರನ್ನು ವೇದಿಕೆಗೆ ಹತ್ತಿಸಲೇಬೇಡಿ. ಭಾರತದಲ್ಲಿ ಅವರ ಇರುವಿಕೆಯೇ ನಾಜೂಕು.

## ಹಂತ 8: ಹಣ

ಪಟ್ಟಿ ಎತ್ತುವುದಿದ್ದರೆ ಊರೊಳಗೇ ಎತ್ತಿ, ರಸೀದಿ ಕೊಡಿ. ವಿದೇಶದಿಂದ ಬರುವ ಹಣ ಮುಟ್ಟುವ ಮೊದಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ನೆನಪಿಸಿಕೊಳ್ಳಿ. ಅಮೆರಿಕದಲ್ಲಿರುವ ಅಳಿಯ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಒಂದು ಲೆಕ್ಕ. ಅಲ್ಲಿನ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ, ನೋಂದಣಿ ಇಲ್ಲದ ನಿಮ್ಮ ಗುಂಪು ನೂರು ರೂಪಾಯಿಯನ್ನೂ ಪಡೆಯುವಂತಿಲ್ಲ. ಹೊರಗಿನ ಸಂಸ್ಥೆಯೊಂದು ತಾನಾಗಿಯೇ ಹಣ ಕೊಡಲು ಬಂದರೆ ಬೇಡ ಎಂದು ಇಮೇಲ್‌ನಲ್ಲಿ ಬರೆದು, ಅದರ ಪ್ರಿಂಟ್ ಫೈಲಿಗೆ ಹಾಕಿ.

## ಹಂತ 9: ಉತ್ತರ ಬಂದ ಮೇಲೆ

ಮೊದಲ ಉತ್ತರ ಹೆಚ್ಚುಕಡಿಮೆ "ಸರ್ಕಾರ ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸುತ್ತಿದೆ" ಎಂಬ ಧಾಟಿಯಲ್ಲಿರುತ್ತದೆ. ಅದನ್ನು ನೋಡಿ ಗುಂಪಿನ ಅರ್ಧ ಜನ ಮನೆಗೆ ಹೋಗುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಆ ಕಾಗದದಿಂದ. ಅ, ಆ, ಇ, ಈ ನಾಲ್ಕು ಉಪಪ್ರಶ್ನೆಗಳಲ್ಲಿ ಯಾವುದಕ್ಕೆ ಉತ್ತರವಿದೆ, ಯಾವುದನ್ನು "ಅ ಇಂದ ಈ ವರೆಗೆ" ಎಂದು ಒಟ್ಟಿಗೆ ಸುತ್ತಿಹಾಕಿದ್ದಾರೆ ಎಂದು ಪೆನ್ಸಿಲ್ ಗುರುತು ಮಾಡಿ. ಸುತ್ತಿಹಾಕಿದ್ದನ್ನು ಮಾತ್ರ ಮುಂದಿನ ಅಧಿವೇಶನಕ್ಕೆ ಕೇಳಿಸಿ, ಈ ಸಲ ಬೇರೆ ಸಂಸದರಿಂದ ಅಥವಾ ರಾಜ್ಯಸಭೆಯಲ್ಲಿ. ಕರ್ನಾಟಕದಿಂದ ರಾಜ್ಯಸಭೆಯಲ್ಲಿ 12 ಜನರಿದ್ದಾರೆ, ಅವರ ಬಾಗಿಲು ತಟ್ಟುವವರು ಕಡಿಮೆ.

ಸರ್ಕಾರದ ಬಾಗಿಲು ಪೂರಾ ಮುಚ್ಚಿದಂತೆ ಕಂಡರೆ ಹೂಡಿಕೆದಾರರ ಕಡೆ ನೋಡಿ. 2021ರ ಜೂನ್‌ನಲ್ಲಿ ನಾರ್ವೆಯ ಕೆಎಲ್‌ಪಿ ಎಂಬ ಪಿಂಚಣಿ ನಿಧಿ ಮ್ಯಾನ್ಮಾರ್ ಸೇನೆಯ ನಂಟಿನ ಕಾರಣ ಕೊಟ್ಟು ಅದಾನಿ ಪೋರ್ಟ್ಸ್‌ನಲ್ಲಿದ್ದ ತನ್ನ ಷೇರು ಮಾರಿತು. ಅದೇ ಅಕ್ಟೋಬರ್‌ನಲ್ಲಿ ಕಂಪನಿ ಅಲ್ಲಿನ ಯೋಜನೆಯಿಂದ ಹೊರಬರುವುದಾಗಿ ಹೇಳಿತು, 2023ರ ಮೇನಲ್ಲಿ ಮಾರಾಟ ಮುಗಿಸಿತು. ನಿಮ್ಮಲ್ಲಿ ಯಾರಿಗಾದರೂ ಸಂಬಂಧಪಟ್ಟ ಕಂಪನಿಯ ಒಂದು ಷೇರಿದ್ದರೂ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳಬಹುದು.

ಪ್ರತಿ ಕಾಗದದ ಪ್ರತಿ, ಸ್ಪೀಡ್ ಪೋಸ್ಟ್ ರಸೀದಿ, ಆವಕ ಸಂಖ್ಯೆ ಒಂದೇ ಕಡೆ ಇರಲಿ. ರಿಜಿಸ್ಟರ್ಡ್ ಪೋಸ್ಟ್ ಕೇಳಬೇಡಿ, 2025ರಲ್ಲಿ ಅದು ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ. ಫೈಲಿನ ಮೇಲ್ಹೊದಿಕೆಗೆ ಮುಂದಿನ ಅಧಿವೇಶನದ ಮೊದಲ ದಿನಾಂಕ ಬರೆದು, ಅದರಿಂದ ಹಿಂದಕ್ಕೆ 25 ದಿನ ಎಣಿಸಿ ಇನ್ನೊಂದು ದಿನಾಂಕ ಬರೆಯಿರಿ. ಎರಡನ್ನೂ ಪೆನ್ಸಿಲ್‌ನಲ್ಲೇ ಬರೆಯಿರಿ, ಬದಲಾಗುತ್ತಿರುತ್ತವೆ.